ಆಸ್ಟ್ರೋಫಿಸಿಕ್ಸ್‌ಗೆ ಕಮ್ಯುನಿಟಿ ಕಾಲೇಜಿನ ದಾರಿ: ಯೂನಿಟ್ ಎಣಿಸಿದರೆ ಸಾಲದು

ಹೋದ ವರ್ಷ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಪರಿಚಯದವರ ಮನೆಗೆ ಊಟಕ್ಕೆ ಹೋಗಿದ್ದೆ. ಊಟ ಆದಮೇಲೆ ಮನೆಯಾಕೆ ಮಗನ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ತಂದು ನನ್ನ ಮುಂದಿಟ್ಟರು. "ಅಕ್ಕಾ, ಇದನ್ನೊಂದು ಸ್ವಲ್ಪ ನೋಡಿ. ಎರಡು ವರ್ಷಕ್ಕೆ 60 ಯೂನಿಟ್ ಮುಗಿಸಿದಾನೆ. ಆದ್ರೂ ಯೂನಿವರ್ಸಿಟಿಗೆ ಹೋಗೋಕೆ ಇನ್ನೂ ಎರಡು ವರ್ಷ ಬೇಕು ಅಂತಾನೆ. ಎಲ್ಲಿ ತಪ್ಪಿತು?"

ಯೂನಿಟ್ ಅಂದರೆ ಇಲ್ಲಿನ ಕಾಲೇಜು ಕೋರ್ಸುಗಳನ್ನು ಅಳೆಯುವ ಲೆಕ್ಕ. ಹುಡುಗನಿಗೆ ಆಸ್ಟ್ರೋಫಿಸಿಕ್ಸ್, ಅಂದರೆ ಖಭೌತಶಾಸ್ತ್ರ ಓದಬೇಕು. ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಆಮೇಲೆ ಯುಸಿ ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಮೂರನೇ ವರ್ಷಕ್ಕೆ ಸೇರುವ ಯೋಜನೆ. ಪಟ್ಟಿಯಲ್ಲಿ ಬಹುತೇಕ ಎಲ್ಲಾ 'ಎ'. ಇಂಗ್ಲಿಷ್ ಎರಡು, ಇತಿಹಾಸ, ಮನಶ್ಶಾಸ್ತ್ರ, ಮಾನವಶಾಸ್ತ್ರ, ಭಾಷಣ ಕಲೆ, ಸಿನಿಮಾ ರಸಗ್ರಹಣ, ಜೊತೆಗೆ ಖಗೋಳವಿಜ್ಞಾನದ್ದೇ ಎರಡು ಕೋರ್ಸ್. ಗಣಿತದಲ್ಲಿ ಪ್ರಿ-ಕ್ಯಾಲ್ಕುಲಸ್, ಆಮೇಲೆ ಒಂದು ಸೆಮಿಸ್ಟರ್ ಖಾಲಿ, ಆಮೇಲೆ ಕ್ಯಾಲ್ಕುಲಸ್ ಒಂದು ಮತ್ತು ಎರಡು. ಭೌತಶಾಸ್ತ್ರದ ಸಾಲು ಹುಡುಕಿದೆ. ಒಂದೂ ಇರಲಿಲ್ಲ.

ಹುಡುಗ ಸೋಮಾರಿಯಲ್ಲ. ಯಾರೋ ಅವನಿಗೆ "ಮೊದಲು ಜನರಲ್ ಎಜುಕೇಶನ್ ಮುಗಿಸಿಕೋ, ಮೇಜರ್ ವಿಷಯ ಆಮೇಲೆ ನೋಡಿದರಾಯ್ತು" ಅಂದಿದ್ದರು. ಜನರಲ್ ಎಜುಕೇಶನ್ ಅಂದರೆ ಯಾವ ಪದವಿಗಾದರೂ ಓದಬೇಕಾದ ಸಾಮಾನ್ಯ ವಿಷಯಗಳು, ಮೇಜರ್ ಅಂದರೆ ಪದವಿಯ ಮುಖ್ಯ ವಿಷಯ. ಬೇರೆ ಎಷ್ಟೋ ಪದವಿಗಳಿಗೆ ಅದು ಒಳ್ಳೆಯ ಸಲಹೆಯೇ. ಆಸ್ಟ್ರೋಫಿಸಿಕ್ಸ್‌ಗೆ ಮಾತ್ರ ಅದು ಎರಡು ವರ್ಷ ತಿಂದುಹಾಕುವ ಸಲಹೆ. ಅವತ್ತು ರಾತ್ರಿ ಆ ಮೇಜಿನ ಮೇಲೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಈ ವ್ಯವಸ್ಥೆಯ ಬಗ್ಗೆ ಎರಡು ಮಾತು. 1960ರಲ್ಲಿ ಕ್ಯಾಲಿಫೋರ್ನಿಯಾ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲಾನ್ ಮಾಡಿಕೊಂಡಿತು. ಮೇಲೆ ಯುಸಿ, ನಡುವೆ ಸಿಎಸ್‌ಯು ಅಂದರೆ ರಾಜ್ಯದ ಸ್ಟೇಟ್ ಯೂನಿವರ್ಸಿಟಿಗಳು, ಕೆಳಗೆ ಎಲ್ಲರಿಗೂ ಬಾಗಿಲು ತೆರೆದಿರುವ ಕಮ್ಯುನಿಟಿ ಕಾಲೇಜುಗಳು. ಕೆಳಗಿನಿಂದ ಮೇಲಕ್ಕೆ ಹೋಗುವ ಮೆಟ್ಟಿಲು ಆ ಯೋಜನೆಯ ಒಳಗೇ ಇದೆ. ಅಂದರೆ ಟ್ರಾನ್ಸ್‌ಫರ್ ಅನ್ನುವುದು ಹಿಂಬಾಗಿಲಲ್ಲ. ಇವತ್ತು ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. 60 ಯೂನಿಟ್ ಅಂದರೆ ಎರಡೂ ವರ್ಷ ಸೇರಿ 2,760 ಡಾಲರ್ ಶುಲ್ಕ. ಯುಸಿಯಲ್ಲಿ ನಿವಾಸಿಗಳಿಗೇ ವರ್ಷಕ್ಕೆ 14,000 ಡಾಲರ್ ದಾಟುತ್ತದೆ.

ನಮ್ಮ ಜನರಲ್ಲಿ "ಅಯ್ಯೋ, ಕಮ್ಯುನಿಟಿ ಕಾಲೇಜಾ?" ಅನ್ನುವ ರಾಗ ಇನ್ನೂ ಹೋಗಿಲ್ಲ. ಹಬ್ಬದ ದಿನ ನಾಲ್ಕು ಜನ ಸೇರಿದಾಗ ಮಗ ಎಲ್ಲಿ ಓದುತ್ತಿದ್ದಾನೆ ಅಂತ ಹೇಳಲು ಅಪ್ಪ ಅಮ್ಮ ತಡವರಿಸುವುದನ್ನು ನಾನೇ ನೋಡಿದ್ದೇನೆ. ಅಂಥವರಿಗೆ ನಾನು ಐಲೀನ್ ಕಾಲಿನ್ಸ್ ಕಥೆ ಹೇಳುತ್ತೇನೆ. ಆಕೆ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಮತ್ತು ವಿಜ್ಞಾನ ಓದಿ, 1976ರಲ್ಲಿ ಅಲ್ಲಿಂದ ಹೊರಬಂದು ಸಿರಾಕ್ಯೂಸ್ ಯೂನಿವರ್ಸಿಟಿಗೆ ಹೋದವರು. 1999ರಲ್ಲಿ ಬಾಹ್ಯಾಕಾಶ ಶಟಲ್‌ನ ಕಮಾಂಡರ್ ಆದ ಮೊದಲ ಮಹಿಳೆ. ಆ ಯಾನದಲ್ಲಿ ಅವರ ತಂಡ ಕಕ್ಷೆಗೆ ಬಿಟ್ಟುಬಂದದ್ದು ಚಂದ್ರಾ ಎಕ್ಸ್-ರೇ ವೀಕ್ಷಣಾಲಯ. ನಕ್ಷತ್ರಗಳ ಸಾವಿನ ಲೆಕ್ಕ ಬರೆದ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನದ್ದು. ಇಷ್ಟು ಹೇಳಿದ ಮೇಲೆ ಆ ರಾಗ ಸ್ವಲ್ಪ ತಗ್ಗುತ್ತದೆ.

ಈಗ ವಿಷಯಕ್ಕೆ ಬರೋಣ. ಆಸ್ಟ್ರೋಫಿಸಿಕ್ಸ್ ಪದವಿಯ ಮೊದಲೆರಡು ವರ್ಷದಲ್ಲಿ ಖಗೋಳಕ್ಕಿಂತ ಗಣಿತ ಮತ್ತು ಭೌತಶಾಸ್ತ್ರವೇ ಜಾಸ್ತಿ. ಯಾಕೆ ಅಂತ ಒಂದು ಉದಾಹರಣೆಯಲ್ಲಿ ನೋಡಿ. ಸೂರ್ಯ ತನ್ನದೇ ಭಾರಕ್ಕೆ ಕುಸಿದು ಬೀಳದೆ ನಿಂತಿದ್ದಾನಲ್ಲ, ಹೇಗೆ? ಒಳಗಿನ ಅನಿಲದ ಒತ್ತಡ ಗುರುತ್ವವನ್ನು ತಡೆದು ನಿಲ್ಲಿಸಿದೆ. ಕೇಂದ್ರದಿಂದ ಹೊರಗೆ ಬರುತ್ತಾ ಬರುತ್ತಾ ಒತ್ತಡ ಕಡಿಮೆಯಾಗುತ್ತದೆ. ಪ್ರತಿ ಹೆಜ್ಜೆಗೂ ಎಷ್ಟು ಕಡಿಮೆಯಾಗಬೇಕು ಅನ್ನುವುದು ಅಲ್ಲಿನ ಸಾಂದ್ರತೆ ಮತ್ತು ಗುರುತ್ವದ ಮೇಲೆ ನಿಂತಿದೆ. ಆ ಗುರುತ್ವವೋ, ಅದರ ಒಳಗಡೆ ಎಷ್ಟು ದ್ರವ್ಯ ಇದೆ ಅನ್ನುವುದರ ಮೇಲೆ. ಒಂದು ಬದಲಾವಣೆ ಇನ್ನೊಂದಕ್ಕೆ ಹೆಣೆದುಕೊಂಡಿದೆ. ಇದನ್ನು ಬರೆಯುವ ಭಾಷೆಯೇ ಡಿಫರೆನ್ಶಿಯಲ್ ಈಕ್ವೇಶನ್. ಅದು ಬರದವನಿಗೆ ನಕ್ಷತ್ರದ ಒಳಗೆ ಏನು ನಡೆಯುತ್ತಿದೆ ಅಂತ ಕಥೆಯಾಗಿ ಹೇಳಬಹುದು, ಆದರೆ ಲೆಕ್ಕ ಹಾಕಿಸಲು ಆಗುವುದಿಲ್ಲ.

ಕಮ್ಯುನಿಟಿ ಕಾಲೇಜಿನ ಖಗೋಳವಿಜ್ಞಾನ ಕೋರ್ಸುಗಳು ಹೆಚ್ಚಾಗಿ ಆ ಕಥೆ ಹೇಳುವಂಥವು. ವಿಜ್ಞಾನದ ಹೊರಗಿನ ವಿದ್ಯಾರ್ಥಿಗಳಿಗಾಗಿ ಮಾಡಿದ, ಹೆಚ್ಚು ಗಣಿತವಿಲ್ಲದ ಕೋರ್ಸು. ಅವು ಕಳಪೆ ಅಂತ ಖಂಡಿತ ಹೇಳುತ್ತಿಲ್ಲ. ನಮ್ಮ ಹುಡುಗನಿಗೆ ಆಸಕ್ತಿ ಹತ್ತಿದ್ದೇ ಅಂಥ ಒಂದು ಕೋರ್ಸಿನಲ್ಲಿ, ಸಂಜೆ ಟೆಲಿಸ್ಕೋಪಿನಲ್ಲಿ ಶನಿಯ ಬಳೆ ನೋಡಿದ ದಿನ. ಜನರಲ್ ಎಜುಕೇಶನ್‌ನ ಒಂದು ಖಾನೆಯೂ ಅದರಿಂದ ತುಂಬುತ್ತದೆ. ಆದರೆ ಮೇಜರ್‌ನ ತಯಾರಿ ಅಂತ ಅದು ಲೆಕ್ಕಕ್ಕೆ ಬರುವುದು ಅಪರೂಪ. ಯುಸಿಯ ಬರ್ಕ್‌ಲಿ ಕ್ಯಾಂಪಸ್‌ನಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೆಂದೇ 7ಎ, 7ಬಿ ಅಂತ ಬೇರೆ ಆಸ್ಟ್ರೋಫಿಸಿಕ್ಸ್ ಕೋರ್ಸುಗಳಿವೆ. ಅದಕ್ಕೆ ಕ್ಯಾಲ್ಕುಲಸ್, ಭೌತಶಾಸ್ತ್ರ ಬೇಕು. ಒಂದು ಕೋರ್ಸ್ ಆಸೆಗೆ ತೆಗೆದುಕೊಳ್ಳಿ. ಎರಡನೆಯದರ ಜಾಗದಲ್ಲಿ ಬೇರೆ ಏನು ಕೂರಬಹುದಿತ್ತು ಅಂತ ಯೋಚಿಸಿ.

ಕೂರಬೇಕಾದ್ದು ಸರಪಳಿಯ ಒಂದು ಕೊಂಡಿ. ಸರಪಳಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಈ ಕೋರ್ಸುಗಳನ್ನು ಬೇಕಾದ ಹಾಗೆ ಹಿಂದೆ ಮುಂದೆ ಮಾಡಲು ಆಗುವುದಿಲ್ಲ. ಗಣಿತದಲ್ಲಿ ಕ್ಯಾಲ್ಕುಲಸ್ ಒಂದು, ಎರಡು, ಮೂರನೆಯದು ಹಲವು ಚರಗಳ ಕ್ಯಾಲ್ಕುಲಸ್, ಜೊತೆಗೆ ಲೀನಿಯರ್ ಆಲ್ಜಿಬ್ರಾ ಮತ್ತು ಡಿಫರೆನ್ಶಿಯಲ್ ಈಕ್ವೇಶನ್ಸ್. ಭೌತಶಾಸ್ತ್ರದಲ್ಲಿ ಕ್ಯಾಲ್ಕುಲಸ್ ಬಳಸುವ ಸರಣಿ: ಮೆಕ್ಯಾನಿಕ್ಸ್, ವಿದ್ಯುತ್ ಮತ್ತು ಕಾಂತತೆ, ಕೊನೆಗೆ ಬೆಳಕು, ಅಲೆ, ಆಧುನಿಕ ಭೌತಶಾಸ್ತ್ರ. ಶಾಖದ ಪಾಠ ಕಾಲೇಜಿಗೊಂದು ಕಡೆ ಸೇರಿಕೊಂಡಿರುತ್ತದೆ. ಕ್ಯಾಲ್ಕುಲಸ್ ಒಂದು ಆಗದೆ ಸಾಮಾನ್ಯವಾಗಿ ಮೆಕ್ಯಾನಿಕ್ಸ್ ಸಿಗುವುದಿಲ್ಲ. ಮೆಕ್ಯಾನಿಕ್ಸ್ ಆಗದೆ ವಿದ್ಯುತ್ ಇಲ್ಲ. ಎರಡು ಸರಪಳಿಗಳು, ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ.

ಸೆಮಿಸ್ಟರ್ ಕಾಲೇಜಿನಲ್ಲಿ ಇದನ್ನು ಜೋಡಿಸಿ ನೋಡಿ. ಮೊದಲ ಫಾಲ್‌ನಲ್ಲಿ, ಅಂದರೆ ಆಗಸ್ಟ್‌ನಲ್ಲಿ ಶುರುವಾಗುವ ಸೆಮಿಸ್ಟರ್‌ನಲ್ಲಿ, ಕ್ಯಾಲ್ಕುಲಸ್ ಒಂದು. ವಸಂತದಲ್ಲಿ ಕ್ಯಾಲ್ಕುಲಸ್ ಎರಡು, ಮೆಕ್ಯಾನಿಕ್ಸ್. ಎರಡನೇ ಫಾಲ್‌ನಲ್ಲಿ ಕ್ಯಾಲ್ಕುಲಸ್ ಮೂರು, ವಿದ್ಯುತ್. ಕೊನೆಯ ವಸಂತದಲ್ಲಿ ಲೀನಿಯರ್ ಆಲ್ಜಿಬ್ರಾ, ಡಿಫರೆನ್ಶಿಯಲ್ ಈಕ್ವೇಶನ್ಸ್, ಭೌತಶಾಸ್ತ್ರದ ಮೂರನೆಯದು. ನಾಲ್ಕು ಸೆಮಿಸ್ಟರ್‌ಗೆ ಸರಿಯಾಗಿ ಕೂತಿತು. ಒಂದು ಬೆರಳಿನಷ್ಟೂ ಜಾಗ ಮಿಕ್ಕಲಿಲ್ಲ, ಅಲ್ವಾ? ಪ್ರಿ-ಕ್ಯಾಲ್ಕುಲಸ್‌ನಿಂದ ಶುರುಮಾಡಿದರೆ ಐದು ಸೆಮಿಸ್ಟರ್. ನಡುವೆ ಒಂದು ಸೆಮಿಸ್ಟರ್ ಗಣಿತ ಬಿಟ್ಟರೆ ಆರು. ಹೆಚ್ಚಿನ ಯುಸಿ ಕ್ಯಾಂಪಸ್‌ಗಳು ಟ್ರಾನ್ಸ್‌ಫರ್ ವಿದ್ಯಾರ್ಥಿಗಳನ್ನು ಫಾಲ್‌ನಲ್ಲಿ ಮಾತ್ರ ಸೇರಿಸಿಕೊಳ್ಳುತ್ತವೆ. ಆದ್ದರಿಂದ ಅರ್ಧ ವರ್ಷ ತಪ್ಪಿದರೆ ಒಂದು ಪೂರ್ತಿ ವರ್ಷವೇ ಹೋಯಿತು.

ಚಿಕ್ಕ ಕಾಲೇಜುಗಳಲ್ಲಿ ಇನ್ನೊಂದು ತೊಡಕಿದೆ. ಭೌತಶಾಸ್ತ್ರದ ಎರಡನೇ, ಮೂರನೇ ಕೋರ್ಸ್ ವರ್ಷಕ್ಕೆ ಒಂದೇ ಸಲ ನಡೆಯಬಹುದು. ಸಾಕಷ್ಟು ಮಕ್ಕಳು ಸೇರದಿದ್ದರೆ ಕ್ಲಾಸೇ ರದ್ದಾಗಬಹುದು. ಕಾಲೇಜಿನ ಕ್ಯಾಟಲಾಗ್‌ನಲ್ಲಿ ಕೋರ್ಸಿನ ಹೆಸರು ಇದ್ದ ಮಾತ್ರಕ್ಕೆ ಅದು ಈ ಸೆಮಿಸ್ಟರ್‌ನಲ್ಲಿ ನಡೆಯುತ್ತದೆ ಅಂತ ನಂಬಬೇಡಿ. ಹಿಂದಿನ ಎರಡು ವರ್ಷದ ಟೈಮ್‌ಟೇಬಲ್ ತೆಗೆದು, ನಿಜವಾಗಿ ಯಾವಾಗ ನಡೆದಿದೆ ನೋಡಿ.

ಇನ್ನು ಅಸಿಸ್ಟ್. ಯಾವ ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸು ಯಾವ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅಂತ ಹೇಳುವ ರಾಜ್ಯದ ಅಧಿಕೃತ ವೆಬ್‌ಸೈಟ್ ಇದು. ಕಾಲೇಜು, ಕ್ಯಾಂಪಸ್, ಮೇಜರ್ ಆರಿಸಿದರೆ ಎರಡು ಅಂಕಣ ಬರುತ್ತದೆ. ಎಡಕ್ಕೆ ಯೂನಿವರ್ಸಿಟಿ ಕೇಳುವುದು, ಬಲಕ್ಕೆ ನಿಮ್ಮ ಕಾಲೇಜಿನಲ್ಲಿ ಅದಕ್ಕೆ ಸಿಗುವುದು. ಓದುವುದು ಸುಲಭ ಅನ್ನಿಸುತ್ತದೆ. ಆದರೆ ಅಲ್ಲಿ ಒಂದು ಚಿಕ್ಕ ಪದ ಇದೆ, 'ಆಂಡ್'. ಎಷ್ಟೋ ಮಕ್ಕಳು ಮುಗ್ಗರಿಸುವುದು ಅದರ ಮೇಲೆಯೇ.

ಬರ್ಕ್‌ಲಿಯ ಮ್ಯಾಥ್ 54 ನೋಡಿ. ಅಲ್ಲಿ ಲೀನಿಯರ್ ಆಲ್ಜಿಬ್ರಾ, ಡಿಫರೆನ್ಶಿಯಲ್ ಈಕ್ವೇಶನ್ಸ್ ಎರಡನ್ನೂ ಸೇರಿಸಿ ಒಂದೇ ಕೋರ್ಸಾಗಿ ಕಲಿಸುತ್ತಾರೆ. ಕಮ್ಯುನಿಟಿ ಕಾಲೇಜುಗಳಲ್ಲಿ ಅವು ಸಾಮಾನ್ಯವಾಗಿ ಬೇರೆ ಬೇರೆ. ಹಾಗಾಗಿ ಎಡಕ್ಕೆ ಒಂದು ಕೋರ್ಸ್ ಇದ್ದರೆ ಬಲಕ್ಕೆ ಎರಡು, ನಡುವೆ 'ಆಂಡ್'. ಒಂದನ್ನು ಮಾತ್ರ ಮಾಡಿಕೊಂಡು ಹೋದರೆ ಅರ್ಧ ಮ್ಯಾಥ್ 54 ಅಂತ ಯಾರೂ ಕೊಡುವುದಿಲ್ಲ. ಭೌತಶಾಸ್ತ್ರದಲ್ಲೂ ಹೀಗೆಯೇ. ಕೆಲವು ಕಾಲೇಜು-ಯೂನಿವರ್ಸಿಟಿ ಜೋಡಿಗಳಲ್ಲಿ ಕಾಲೇಜಿನ ಮೂರು ಕೋರ್ಸುಗಳ ಇಡೀ ಸರಣಿ ಸೇರಿ ಯೂನಿವರ್ಸಿಟಿಯ ಇಡೀ ಸರಣಿಗೆ ಸಮ. ಎರಡು ಇಲ್ಲಿ, ಒಂದು ಪಕ್ಕದ ಊರಿನ ಕಾಲೇಜಿನಲ್ಲಿ ಅಂತ ಹಂಚಿಕೊಂಡರೆ ನಡುವೆ ಪಾಠ ತಪ್ಪಿಹೋಗುತ್ತದೆ. ಒಂದು ಕಡೆ ಶಾಖವನ್ನು ಎರಡನೇ ಕೋರ್ಸಿನಲ್ಲಿ ಮಾಡಿದ್ದರೆ, ಇನ್ನೊಂದು ಕಡೆ ಅದು ಮೂರನೆಯದರಲ್ಲಿ ಇರುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಇದು ಇನ್ನೂ ಗೋಜಲು. ಕುಪರ್ಟಿನೋದ ಡಿ ಆಂಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಎರಡೂ ಕ್ವಾರ್ಟರ್ ಕಾಲೇಜುಗಳು. ವರ್ಷವನ್ನು ಮೂರು ಭಾಗ ಮಾಡಿ ಓದಿಸುತ್ತವೆ. ಸುತ್ತಲಿನ ಬಹಳಷ್ಟು ಕಾಲೇಜುಗಳು ಸೆಮಿಸ್ಟರ್ ಲೆಕ್ಕದವು. ಡಿ ಆಂಜಾದಲ್ಲಿ ಕ್ಯಾಲ್ಕುಲಸ್ ನಾಲ್ಕು ತುಂಡು, ಭೌತಶಾಸ್ತ್ರವೂ 4ಎಯಿಂದ 4ಡಿವರೆಗೆ ನಾಲ್ಕು ತುಂಡು. ನಡುದಾರಿಯಲ್ಲಿ ಸೆಮಿಸ್ಟರ್ ಕಾಲೇಜಿಗೆ ಹಾರಿದರೆ ತುಂಡುಗಳು ಹೊಂದುವುದಿಲ್ಲ. ಯೂನಿವರ್ಸಿಟಿ ಕಡೆಯೂ ಬರ್ಕ್‌ಲಿ ಮತ್ತು ಮರ್ಸೆಡ್ ಸೆಮಿಸ್ಟರ್, ಉಳಿದ ಯುಸಿ ಪದವಿ ಕ್ಯಾಂಪಸ್‌ಗಳು ಕ್ವಾರ್ಟರ್. ಅದಕ್ಕೇ ನಾನು ಹೇಳುವುದು ಇಷ್ಟೇ: ಸರಣಿಯನ್ನು ಎಲ್ಲಿ ಶುರುಮಾಡಿದಿರೋ ಅಲ್ಲೇ ಮುಗಿಸಿ. ಬಿಡಿಯಾಗಿ ನಿಲ್ಲುವ ಕೋರ್ಸ್, ಅಂದರೆ ಲೀನಿಯರ್ ಆಲ್ಜಿಬ್ರಾದಂಥದ್ದು, ಬೇಕಾದರೆ ಬೇರೆ ಕಡೆ ಮಾಡಬಹುದು. ಅದನ್ನೂ ಅಸಿಸ್ಟ್‌ನಲ್ಲಿ ಆ ಕಾಲೇಜಿನ ಪುಟ ತೆರೆದು ನೋಡಿಯೇ ಸೇರಿ.

ಅಸಿಸ್ಟ್‌ನಲ್ಲಿ ಕೆಲವು ಸಾಲುಗಳ ಎದುರು "ನೋ ಕೋರ್ಸ್ ಆರ್ಟಿಕ್ಯುಲೇಟೆಡ್" ಅಂತ ಬರುತ್ತದೆ. ನಿಮ್ಮ ಕಾಲೇಜಿನಲ್ಲಿ ಅದಕ್ಕೆ ಸಮನಾದ್ದು ಇಲ್ಲ ಅಂತ ಅರ್ಥ. ಗಾಬರಿಯಾಗಬೇಡಿ. ಅದನ್ನು ಯೂನಿವರ್ಸಿಟಿಗೆ ಹೋದಮೇಲೆ ಮಾಡಿಕೊಳ್ಳಬಹುದು, ನಿಮ್ಮ ಕಾಲೇಜಿನಲ್ಲಿ ಇಲ್ಲದ್ದನ್ನು ಮಾಡಲಿಲ್ಲ ಅಂತ ಸಾಮಾನ್ಯವಾಗಿ ತಪ್ಪು ಹಿಡಿಯುವುದಿಲ್ಲ. ತಪ್ಪು ಹಿಡಿಯುವುದು ಇದ್ದೂ ಬಿಟ್ಟಿದ್ದಕ್ಕೆ.

ಜನರಲ್ ಎಜುಕೇಶನ್ ಏನು ಮಾಡುವುದು? 2025ರ ಫಾಲ್‌ನಿಂದ ಹೊಸಬರಿಗೆ ಕ್ಯಾಲ್-ಜೆಟ್‌ಸಿ ಅನ್ನುವ ಒಂದೇ ಪಟ್ಟಿ ಬಂದಿದೆ. ಮೊದಲು ಯುಸಿ, ಸಿಎಸ್‌ಯುಗಳಿಗೆ ಬೇರೆ ಬೇರೆ ದಾರಿ ಇದ್ದವು, ಈಗ ಎರಡಕ್ಕೂ ಇದೇ. ಕಡೇಪಕ್ಷ 34 ಸೆಮಿಸ್ಟರ್ ಯೂನಿಟ್. ಪಟ್ಟಿ ಒಂದಾಗಿದ್ದು ಒಳ್ಳೆಯದೇ. ಆದರೆ ಪಟ್ಟಿ ಚೊಕ್ಕವಾಗಿದ್ದಷ್ಟೂ ಅದನ್ನೇ ಮೊದಲು ಮುಗಿಸುವ ಆಸೆ ಜಾಸ್ತಿಯಾಗುತ್ತದೆ. ಭೌತಶಾಸ್ತ್ರದಂಥ ಮೇಜರ್‌ಗಳಿಗೆ ಯುಸಿಯೇ ಮೇಜರ್ ತಯಾರಿಗೆ ಮೊದಲ ಸ್ಥಾನ ಕೊಡಿ ಅನ್ನುತ್ತದೆ. ಆದರೆ ಇಂಗ್ಲಿಷ್‌ನ ಎರಡು ಕೋರ್ಸ್ ಪ್ರವೇಶದ ಅರ್ಹತೆಗೇ ಬೇಕು, ಅದನ್ನು ಬಿಡುವಂತಿಲ್ಲ. ಉಳಿದವನ್ನು ಪ್ರತಿ ಸೆಮಿಸ್ಟರ್ ಒಂದೊಂದು, ಬೇಸಿಗೆಯಲ್ಲಿ ಒಂದೊಂದು ಅಂತ ಬಿಡುವಿದ್ದಲ್ಲಿ ಸೇರಿಸಿಕೊಳ್ಳಬೇಕು. ಮಸಾಲೆಯನ್ನು ಹದ ನೋಡಿಕೊಂಡು ಹಾಕುವ ಹಾಗೆ. ಅಕ್ಕಿಯನ್ನು ಮಾತ್ರ ಮೊದಲು ಒಲೆಗೆ ಇಟ್ಟಿರಬೇಕು.

ಗಣಿತ ಎಲ್ಲಿಂದ ಶುರುಮಾಡುವುದು ಅನ್ನುವುದೇ ಈಗ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಚರ್ಚೆ. 2022ರಲ್ಲಿ ಬಂದ ಎಬಿ 1705 ಅನ್ನುವ ಕಾನೂನು, ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆ ಹೋಗುವ ಮಕ್ಕಳನ್ನು ಆದಷ್ಟೂ ನೇರ ಕ್ಯಾಲ್ಕುಲಸ್‌ಗೆ ಕೂರಿಸಿ ಅನ್ನುತ್ತದೆ. ಅದರ ಈ ಭಾಗ ಜಾರಿಯಾದದ್ದು 2025ರಿಂದ. ಕೆಳಗಿನ ಮೆಟ್ಟಿಲುಗಳಲ್ಲೇ ವರ್ಷಗಟ್ಟಲೆ ಸುತ್ತಿ ಎಷ್ಟೋ ಮಕ್ಕಳು ಬಿಟ್ಟುಹೋಗುತ್ತಿದ್ದರು, ಅದಕ್ಕೇ ಈ ಕಾನೂನು. ತಳಪಾಯ ಇಲ್ಲದೆ ಕೂರಿಸಿದರೆ ಬೀಳುತ್ತಾರೆ ಅನ್ನುವುದು ಬಹಳ ಗಣಿತ ಮೇಷ್ಟ್ರುಗಳ ಆತಂಕ. ಎರಡರಲ್ಲೂ ನಿಜ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಆಸ್ಟ್ರೋಫಿಸಿಕ್ಸ್‌ಗೆ ಹೋಗುವವರು ಫಾಲ್‌ನಲ್ಲೇ ಕ್ಯಾಲ್ಕುಲಸ್‌ಗೆ ಕೂರಬೇಕು, ಆದರೆ ಅದರ ಮುಂಚಿನ ಬೇಸಿಗೆ ಪೂರ್ತಿ ತ್ರಿಕೋನಮಿತಿ ಮತ್ತು ಬೀಜಗಣಿತ ತಿಕ್ಕಬೇಕು. ಕ್ಯಾಲ್ಕುಲಸ್‌ನಲ್ಲಿ ಬೀಳುವವರು ಹೆಚ್ಚಾಗಿ ಬೀಳುವುದು ಕ್ಯಾಲ್ಕುಲಸ್‌ನಿಂದಲ್ಲ. ಭಿನ್ನರಾಶಿ ಸರಳ ಮಾಡುವಾಗ, ಸೈನ್ ಕೊಸೈನ್ ಸೂತ್ರ ನೆನಪಿಗೆ ಬರದಾಗ ಬೀಳುತ್ತಾರೆ.

ಕರ್ನಾಟಕದಿಂದ ನೇರವಾಗಿ ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಬರುವ ಮಕ್ಕಳಿಗೆ ಇಲ್ಲೊಂದು ಅನುಕೂಲ ಇದೆ. ಎರಡನೇ ಪಿಯುಸಿಯಲ್ಲಿ ಡಿಫರೆನ್ಸಿಯೇಶನ್, ಇಂಟಿಗ್ರೇಶನ್ ಮಾಡಿಕೊಂಡೇ ಬಂದಿರುತ್ತಾರೆ. ಆದರೆ ಪಿಯುಸಿ ಇಲ್ಲಿನವರ ಕಣ್ಣಿಗೆ ಹನ್ನೆರಡನೇ ತರಗತಿ, ಅದಕ್ಕೆ ಕಾಲೇಜು ಕ್ರೆಡಿಟ್ ಸಿಗುವುದಿಲ್ಲ. ಕ್ಯಾಲ್ಕುಲಸ್ ಒಂದನ್ನು ಮತ್ತೆ ಕೂತು ಓದಬೇಕಾಗಬಹುದು. ಬೇಜಾರು ಮಾಡಿಕೊಳ್ಳದೆ ಅದನ್ನು ಗಟ್ಟಿ 'ಎ' ತೆಗೆಯುವ ಅವಕಾಶ ಅಂದುಕೊಳ್ಳಿ. ಅವರ ಶುಲ್ಕ ಮಾತ್ರ ಬೇರೆ, 46 ಡಾಲರ್‌ನ ಲೆಕ್ಕ ಅವರಿಗಿಲ್ಲ.

ಅಂಕಗಳ ಬಗ್ಗೆ ಎಚ್ಚರಿಕೆಯ ಮಾತು. ಯುಸಿಗೆ ಅರ್ಜಿ ಹಾಕಲು ಕನಿಷ್ಠ ಜಿಪಿಎ, ಅಂದರೆ ಸರಾಸರಿ ಗ್ರೇಡ್, ನಿವಾಸಿಗಳಿಗೆ 2.4, ಹೊರಗಿನವರಿಗೆ 2.8. ಅದು ಬರೀ ಹೊಸ್ತಿಲು, ಸೀಟು ಸಿಗಲು ಅದಕ್ಕಿಂತ ಬಹಳ ಮೇಲಿರಬೇಕು. ಕಮ್ಯುನಿಟಿ ಕಾಲೇಜಿನಲ್ಲಿ 'ಸಿ' ಬಂದ ಕೋರ್ಸನ್ನು ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಮಾಡುವ ಹಾಗಿಲ್ಲ. 'ಡಿ' ಅಥವಾ 'ಎಫ್' ಬಂದರೆ ಮಾತ್ರ ಮತ್ತೆ ಮಾಡಬಹುದು. ಹಾಗಾಗಿ ವಿದ್ಯುತ್, ಕ್ಯಾಲ್ಕುಲಸ್ ಮೂರು, ಅದರ ಜೊತೆ ಇನ್ನೊಂದು ಲ್ಯಾಬ್ ವಿಷಯ ಅಂತ ಹೇರಿಕೊಳ್ಳಬೇಡಿ. ವಿದ್ಯುತ್ ಕೋರ್ಸಿನಲ್ಲಿ ಗಾಸ್‌ನ ನಿಯಮ ಬರುವ ವಾರ, ಅದಕ್ಕೆ ಬೇಕಾದ ಗಣಿತಕ್ಕೆ ಹಲವು ಚರಗಳ ಕ್ಯಾಲ್ಕುಲಸ್ ಕ್ಲಾಸು ಇನ್ನೂ ಬಂದಿರುವುದಿಲ್ಲ. ಗಣಿತದವರು ಕಲಿಸುವ ಮೊದಲೇ ಭೌತಶಾಸ್ತ್ರದವರು ಅದನ್ನು ಬಳಸುತ್ತಾರೆ. ಆ ಸೆಮಿಸ್ಟರ್‌ಗೆ ಉಸಿರಾಡಲು ಜಾಗ ಬೇಕು.

ಇನ್ನೊಂದು ಸುಳ್ಳು ಭಯ: "70 ಯೂನಿಟ್ ದಾಟಿದರೆ ಯುಸಿ ತಗೊಳ್ಳೋದಿಲ್ಲ." ಹಾಗಿಲ್ಲ. ಯುಸಿ ಕಮ್ಯುನಿಟಿ ಕಾಲೇಜಿನಿಂದ 70 ಸೆಮಿಸ್ಟರ್ ಯೂನಿಟ್‌ವರೆಗೆ ಲೆಕ್ಕಕ್ಕೆ ಹಿಡಿಯುತ್ತದೆ. ಅದಕ್ಕಿಂತ ಮೇಲಿನದ್ದಕ್ಕೆ ಯೂನಿಟ್ ಸಿಗದಿದ್ದರೂ ಆ ವಿಷಯ ಓದಿದ್ದೀರಿ ಅನ್ನುವುದು ಲೆಕ್ಕಕ್ಕೆ ಇರುತ್ತದೆ. ಸರಪಳಿ ಮುಗಿಸಲು 74 ಆದರೂ ಪರವಾಗಿಲ್ಲ. ಈ ಭಯಕ್ಕೆ ಡಿಫರೆನ್ಶಿಯಲ್ ಈಕ್ವೇಶನ್ಸ್ ಕೈಬಿಟ್ಟವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಎಲ್ಲಿಗೆ ಅರ್ಜಿ ಹಾಕುವುದು? ಟ್ಯಾಗ್ ಅಂತ ಒಂದು ಸೀಟು ಖಾತ್ರಿಯ ಯೋಜನೆ ಇದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಈ ಆರು ಯುಸಿ ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಬರ್ಕ್‌ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಇದರಲ್ಲಿ ಇಲ್ಲ. ಟ್ಯಾಗ್ ಅರ್ಜಿ ಸೆಪ್ಟೆಂಬರ್‌ನಲ್ಲಿ, ಮುಖ್ಯ ಅರ್ಜಿ ನವೆಂಬರ್ ಕೊನೆಯ ಹೊತ್ತಿಗೆ. ಮೇಜರ್‌ಗೆ ತಕ್ಕ ಹಾಗೆ ಟ್ಯಾಗ್ ಷರತ್ತು ಬೇರೆ ಇರುತ್ತದೆ, ಆ ವರ್ಷದ್ದನ್ನೇ ಓದಿ. ಸಾಂತಾ ಕ್ರೂಜ್ ಬಗ್ಗೆ ನನಗೆ ವಿಶೇಷ ಒಲವು. ಸ್ಯಾನ್ ಹೋಸೆ ಪಕ್ಕದ ಮೌಂಟ್ ಹ್ಯಾಮಿಲ್ಟನ್ ಮೇಲಿರುವ ಲಿಕ್ ವೀಕ್ಷಣಾಲಯವನ್ನು ನೋಡಿಕೊಳ್ಳುವ ಸಂಸ್ಥೆಯ ಕೇಂದ್ರ ಸಾಂತಾ ಕ್ರೂಜ್‌ನಲ್ಲೇ ಇದೆ. 1888ರಿಂದ ಲಿಕ್‌ನಲ್ಲಿ 36 ಅಂಗುಲದ ಮಸೂರದ ದೂರದರ್ಶಕ ನಿಂತಿದೆ. ಸಿಎಸ್‌ಯು ಕಡೆ ನೋಡುವವರಿಗೆ ಸ್ಯಾನ್ ಡಿಯಾಗೋ ಸ್ಟೇಟ್‌ನಲ್ಲಿ ಖಗೋಳ ವಿಭಾಗವೂ ಇದೆ, ಮೌಂಟ್ ಲಗುನಾದಲ್ಲಿ ಸ್ವಂತ ವೀಕ್ಷಣಾಲಯವೂ ಇದೆ. ಪದವಿಯ ಹೆಸರಿನಲ್ಲಿ 'ಆಸ್ಟ್ರೋ' ಇಲ್ಲದಿದ್ದರೂ ನಡೆಯುತ್ತದೆ. ಭೌತಶಾಸ್ತ್ರದ ಪದವಿ ತೆಗೆದುಕೊಂಡು ಖಗೋಳದಲ್ಲಿ ಪಿಎಚ್‌ಡಿಗೆ ಹೋಗುವವರು ಎಷ್ಟೋ ಜನ.

ಎಚ್-4, ಅಂದರೆ ಅಪ್ಪ ಅಥವಾ ಅಮ್ಮನ ಕೆಲಸದ ವೀಸಾವನ್ನು ನೆಚ್ಚಿಕೊಂಡ ವೀಸಾದಲ್ಲಿರುವ ನಮ್ಮ ಮನೆಗಳ ಮಕ್ಕಳಿಗೆ ಇದೆಲ್ಲದರ ಮೇಲೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ವೀಸಾ ಬದಲಾದರೆ ಶುಲ್ಕದ ಲೆಕ್ಕವೂ ಬದಲಾಗಬಹುದು, ಮತ್ತು ಯುಸಿಯಲ್ಲಿ ಹೊರಗಿನವರು ಕಟ್ಟುವ ಹೆಚ್ಚುವರಿ ಶುಲ್ಕವೇ ವರ್ಷಕ್ಕೆ 34,000 ಡಾಲರ್‌ಗಿಂತ ಜಾಸ್ತಿ. 18ಕ್ಕೆ ಶುರುಮಾಡಿ 20ಕ್ಕೆ ಟ್ರಾನ್ಸ್‌ಫರ್ ಆದವರಿಗೂ, ಸರಪಳಿ ತಪ್ಪಿ 22ಕ್ಕೆ ಆದವರಿಗೂ ಇರುವ ವ್ಯತ್ಯಾಸ ಬರೀ ಎರಡು ವರ್ಷದ್ದಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತ ಅಪ್ಪ ಅಮ್ಮಂದಿರು ಈ ದಿನಾಂಕವನ್ನು ಮಗುವಿನ ಮೊದಲ ಸೆಮಿಸ್ಟರ್‌ಗೆ ಮುಂಚೆಯೇ ವಲಸೆ ವಕೀಲರ ಹತ್ತಿರ, ಕಾಲೇಜಿನ ರೆಸಿಡೆನ್ಸಿ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಬೇಕು.

ಅವತ್ತು ಸನಿವೇಲ್‌ನ ಮನೆಯಲ್ಲಿ ನಾವು ಒಂದು ಹಾಳೆ ತೆಗೆದುಕೊಂಡು ಕೊನೆಯಿಂದ ಹಿಂದಕ್ಕೆ ಬರೆದೆವು. ಮೇಲ್ಗಡೆ ಸೇರಬೇಕಾದ ಫಾಲ್. ಅದರ ಕೆಳಗೆ ಬೇಸಿಗೆ, ಒಂದೇ ಒಂದು ಜನರಲ್ ಎಜುಕೇಶನ್ ಕೋರ್ಸ್. ಅದರ ಕೆಳಗೆ ವಸಂತ, ಡಿಫರೆನ್ಶಿಯಲ್ ಈಕ್ವೇಶನ್ಸ್. ಅದರ ಕೆಳಗಿನ ಫಾಲ್‌ನಲ್ಲಿ ಭೌತಶಾಸ್ತ್ರದ ಮೂರನೆಯದು. ಹೀಗೆ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಬರುವ ಆಗಸ್ಟ್‌ಗೆ ಬಂದೆವು. ಅಲ್ಲಿ ಮೆಕ್ಯಾನಿಕ್ಸ್ ಮತ್ತು ಕ್ಯಾಲ್ಕುಲಸ್ ಮೂರು.

ಹುಡುಗ ಫೋನ್ ತೆಗೆದು ಆಗಲೇ ರಿಜಿಸ್ಟ್ರೇಶನ್ ಪುಟ ನೋಡಿದ. ಮೆಕ್ಯಾನಿಕ್ಸ್ ಕ್ಲಾಸು ತುಂಬಿತ್ತು, ವೇಯ್ಟ್‌ಲಿಸ್ಟ್‌ನಲ್ಲಿ ನಾಲ್ಕನೆಯವನು. "ಮೊದಲ ದಿನ ಕ್ಲಾಸಿಗೆ ಹೋಗಿ ಕೂತ್ಕೋ, ಯಾರಾದ್ರೂ ಬಿಟ್ಟೇ ಬಿಡ್ತಾರೆ, ಮೇಷ್ಟ್ರು ಸೇರಿಸ್ಕೋತಾರೆ" ಅಂದೆ. ಅಮ್ಮ ಆ ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದರು. ಆಗಸ್ಟ್ ಕೊನೆಯಲ್ಲಿ ಅವನಿಂದ ಒಂದು ಮೆಸೇಜ್ ಬಂತು: "ಆಂಟಿ, ಸೀಟ್ ಸಿಕ್ತು. ಲ್ಯಾಬ್ ಮಂಗಳವಾರ."